ಓದುಗರ ಪ್ರಶ್ನೆ, ನಮ್ಮ ಉತ್ತರ: ಜೀವಕೋಶದ ಒಳಗೆ

ಪ್ರಶ್ನೆ: ಈರುಳ್ಳಿ ಪೊರೆಯ ಸ್ಲೈಡ್ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ದಪ್ಪ ಕಪ್ಪು ಅಂಚಿನ ದುಂಡು ದುಂಡು ಆಕಾರಗಳು ಕಂಡವು. ಇವೇ ಜೀವಕೋಶಗಳೇ? ಹಾಗಾದರೆ ಕೋಶಕೇಂದ್ರ ಎಲ್ಲಿ?

ಉತ್ತರ: ನೀವು ನೋಡಿದ್ದು ಗಾಳಿಗುಳ್ಳೆಗಳನ್ನು. ಈರುಳ್ಳಿಯ ಕೋಶಗಳು ದುಂಡಗಿರುವುದಿಲ್ಲ. ಗೋಡೆಗೆ ಇಟ್ಟಿಗೆ ಜೋಡಿಸಿದ ಹಾಗೆ ಉದ್ದುದ್ದಕ್ಕೆ, ಒಂದರ ಪಕ್ಕ ಒಂದು ಅಂಟಿಕೊಂಡಿರುತ್ತವೆ. ಕವರ್‌ಸ್ಲಿಪ್ಪನ್ನು (ಮೇಲೆ ಮುಚ್ಚುವ ತೆಳುಗಾಜು) ಮೇಲಿಂದ ಒಮ್ಮೆಲೇ ಇಟ್ಟರೆ ಅದರಡಿ ಗಾಳಿ ಸಿಕ್ಕಿಬೀಳುತ್ತದೆ. ಒಂದು ಅಂಚನ್ನು ನೀರಿನ ಹನಿಗೆ ತಾಗಿಸಿ, ಸುಮಾರು 45 ಡಿಗ್ರಿ ಓರೆಯಾಗಿ ಹಿಡಿದು, ಇನ್ನೊಂದು ಅಂಚಿಗೆ ಸೂಜಿಯ ಆಸರೆ ಕೊಟ್ಟು ಮೆಲ್ಲಗೆ ಇಳಿಸಿ. ನೀರು ಗಾಳಿಯನ್ನು ತಳ್ಳಿಕೊಂಡು ಹೋಗುತ್ತದೆ.

ಹೊರಗಿನ ಒಣ ಸಿಪ್ಪೆ ಬಳಸಬೇಡಿ, ಅಲ್ಲಿನ ಕೋಶಗಳು ಸತ್ತಿರುತ್ತವೆ. ಒಳಗಿನ ರಸತುಂಬಿದ ಒಂದು ಪದರವನ್ನು ಮುರಿದು, ಅದರ ಒಳಮೈಯಿಂದ ಚಿಮಟದಲ್ಲಿ ಪೊರೆ ಎಳೆಯಿರಿ. 5 ಮಿ.ಮೀ. ಚೌಕದಷ್ಟು ಸಾಕು. ಕೂಡಲೇ ನೀರಿನ ಹನಿಯಲ್ಲಿ ಹರಡಿ. ತಡಮಾಡಿದರೆ ಒಣಗಿ ಸುರುಳಿ ಸುತ್ತಿಕೊಳ್ಳುತ್ತದೆ. ಮಡಿಕೆ ಬಿದ್ದರೂ ತೊಂದರೆಯೇ: ಎರಡು ಪದರದ ಗೆರೆಗಳು ಒಂದರ ಮೇಲೊಂದು ಬಂದು ಯಾವ ಕೋಶ ಯಾವುದೆಂದು ತಿಳಿಯುವುದಿಲ್ಲ.

ಬಣ್ಣ ಹಾಕದಿದ್ದರೆ ಕೋಶಕೇಂದ್ರ ಸುತ್ತಲಿನ ಕೋಶದ್ರವ್ಯದಷ್ಟೇ ಪಾರದರ್ಶಕ, ಸುಲಭಕ್ಕೆ ಕಣ್ಣಿಗೆ ಬೀಳದು. ಒಂದು ಹನಿ ಅಯೋಡಿನ್ ದ್ರಾವಣ ಹಾಕಿ 1–2 ನಿಮಿಷ ಬಿಡಿ, ಹೆಚ್ಚಾದದ್ದನ್ನು ಒತ್ತುಕಾಗದದಿಂದ ಹೀರಿಸಿ. ಮೊದಲು 10 ಪಟ್ಟಿನ ಮಸೂರದಲ್ಲಿ ಹುಡುಕಿ, ಬೆಳಕು ಕಡಿಮೆ ಮಾಡಿ. ಹೊಸಬರು ಬೆಳಕು ಜಾಸ್ತಿ ಮಾಡಿದಷ್ಟೂ ಚೆನ್ನಾಗಿ ಕಾಣುತ್ತದೆ ಎಂದುಕೊಳ್ಳುತ್ತಾರೆ, ಆಗುವುದು ಅದಕ್ಕೆ ವಿರುದ್ಧ.

ಈಗ ಹಳದಿ–ಕಂದು ಚುಕ್ಕೆ ಸಿಗುತ್ತದೆ. ಅದು ಎಲ್ಲಿದೆ ಗಮನಿಸಿ. ಸಾಮಾನ್ಯವಾಗಿ ಗೋಡೆಯ ಬದಿಗೆ ಒತ್ತಿಕೊಂಡಿರುತ್ತದೆ, ಏಕೆಂದರೆ ನಡುವಿನ ಜಾಗವನ್ನೆಲ್ಲ ದೊಡ್ಡ ರಸದಾನಿ (ರಸ ತುಂಬಿದ ಚೀಲ) ಹಿಡಿದಿದೆ. ಬಲಿತ ಸಸ್ಯಕೋಶದಲ್ಲಿ ರಸದಾನಿಯ ಪಾಲು 80–90 ಪ್ರತಿಶತದವರೆಗೂ ಹೋಗುತ್ತದೆ, ಕೋಶದ್ರವ್ಯ ಅಂಚಿನ ತೆಳುಪಟ್ಟಿ ಮಾತ್ರ. ಕೆಲವು ಕೋಶಗಳಲ್ಲಿ ಕೇಂದ್ರ ನಟ್ಟನಡುವೆ ಇರುವಂತೆ ಕಾಣಬಹುದು. ಅಲ್ಲಿ ಅದು ಮೇಲಿನ ಇಲ್ಲವೇ ಕೆಳಗಿನ ಗೋಡೆಗೆ ಅಂಟಿರುತ್ತದೆ, ನಾವು ಮೇಲಿಂದ ನೋಡುತ್ತಿರುತ್ತೇವೆ.

ಇದೇ ಸ್ಲೈಡಿನಲ್ಲಿ ರೈಬೋಸೋಮ್ (ಪ್ರೋಟೀನ್ ಹೆಣೆಯುವ ಪುಟ್ಟ ಕಣ) ಹುಡುಕಬೇಡಿ. ಬೆಳಕಿನ ಸೂಕ್ಷ್ಮದರ್ಶಕ ಸುಮಾರು 0.2 ಮೈಕ್ರೋಮೀಟರಿಗಿಂತ ಹತ್ತಿರದ ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ತೋರಿಸಲಾರದು. ರೈಬೋಸೋಮಿನ ಗಾತ್ರ 20–30 ನ್ಯಾನೋಮೀಟರ್, ಅಂದರೆ ಆ ಮಿತಿಯ ಏಳು–ಹತ್ತನೇ ಒಂದು ಪಾಲು. ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು.

ಪ್ರಶ್ನೆ: ಸಸ್ಯಕೋಶಕ್ಕೆ ಕೋಶಪೊರೆ ಇರುವಾಗ ಕೋಶಭಿತ್ತಿಯೂ ಏಕೆ? ಎರಡೂ ಹೊರಗೋಡೆಗಳೇ ಅಲ್ಲವೇ?

ಉತ್ತರ: ಹಾಗೆಂದುಕೊಂಡರೆ ಎರಡರ ಕೆಲಸವೂ ಕಲಸಿಹೋಗುತ್ತದೆ. ಯಾವುದು ಒಳಗೆ ಬರಬೇಕು, ಯಾವುದು ಬೇಡ ಎಂದು ಆಯ್ಕೆ ಮಾಡುವುದು ಪೊರೆ. ಅದರ ದಪ್ಪ 7–8 ನ್ಯಾನೋಮೀಟರ್ ಅಷ್ಟೇ. ಭಿತ್ತಿ ಸೆಲ್ಯುಲೋಸಿನ ಗಟ್ಟಿ ಬಲೆ. ನೀರು, ಉಪ್ಪು ಅದರ ಮೂಲಕ ಸಲೀಸಾಗಿ ಹಾಯುತ್ತವೆ, ಒಳಗಿನ ಒತ್ತಡವನ್ನು ತಡೆದುಕೊಳ್ಳುವುದು ಅದರ ಕೆಲಸ.

ಕಣ್ಣಾರೆ ನೋಡಬೇಕೆಂದರೆ ಕೆಂಪು ಈರುಳ್ಳಿ ತನ್ನಿ. ಈ ಸಲ ಪದರದ ಹೊರಮೈಯ ನೇರಳೆ ಪೊರೆ ತೆಗೆಯಿರಿ, ಆ ಬಣ್ಣ ಇರುವುದು ರಸದಾನಿಯಲ್ಲಿ. ಅಯೋಡಿನ್ ಹಾಕಲೇಬೇಡಿ. ಅದು ಕೋಶವನ್ನು ಕೊಲ್ಲುತ್ತದೆ, ಸತ್ತ ಪೊರೆ ಉಪ್ಪನ್ನು ತಡೆಯಲಾರದು. 100 ಮಿ.ಲೀ. ನೀರಿಗೆ 5 ಗ್ರಾಂ ಉಪ್ಪು ಕರಗಿಸಿ, ಒಂದು ಹನಿಯನ್ನು ಕವರ್‌ಸ್ಲಿಪ್ಪಿನ ಒಂದು ಅಂಚಿಗೆ ಬಿಟ್ಟು, ಎದುರು ಅಂಚಿನಲ್ಲಿ ಒತ್ತುಕಾಗದ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ನೇರಳೆ ಭಾಗ ಮೂಲೆಗಳಿಂದ ಕಳಚಿ ಒಳಕ್ಕೆ ಕುಗ್ಗುತ್ತದೆ. ಗೋಡೆ ಮಾತ್ರ ಇದ್ದಲ್ಲೇ ಇರುತ್ತದೆ. ನಡುವೆ ಬಿಟ್ಟ ಜಾಗ ಖಾಲಿಯಲ್ಲ, ಅಲ್ಲಿ ಉಪ್ಪುನೀರಿದೆ. ಭಿತ್ತಿ ಅದನ್ನು ಒಳಬಿಟ್ಟಿತು, ಪೊರೆ ತಡೆಯಿತು. ಅದೇ ರೀತಿ ಶುದ್ಧ ನೀರು ಹಾಯಿಸಿದರೆ ನೇರಳೆ ಮತ್ತೆ ಉಬ್ಬಿ ಗೋಡೆಗೆ ತಾಗುತ್ತದೆ. ತಾಗದಿದ್ದರೆ ಉಪ್ಪು ತೀರ ಹೆಚ್ಚಾಗಿದೆ ಅಥವಾ ಬಹಳ ಹೊತ್ತು ಬಿಟ್ಟಿದ್ದೀರಿ, ಪೊರೆ ಹಾಳಾಗಿದೆ.

ಭಿತ್ತಿ ಇಲ್ಲದ ಕೆಂಪು ರಕ್ತಕಣವನ್ನು ಶುದ್ಧ ನೀರಿಗೆ ಹಾಕಿದರೆ ಅದು ಉಬ್ಬಿ ಒಡೆದೇ ಹೋಗುತ್ತದೆ. ಅದಕ್ಕೇ ಪ್ರಾಣಿಕೋಶಗಳನ್ನು ಕೆಡದಂತೆ ನೋಡಲು 0.9 ಪ್ರತಿಶತ ಉಪ್ಪುನೀರು ಬಳಸುವುದು. 1665ರಲ್ಲಿ ರಾಬರ್ಟ್ ಹುಕ್ ಕಾರ್ಕಿನ ತುಣುಕಿನಲ್ಲಿ ಕಂಡ ಪುಟ್ಟ ಕೋಣೆಗಳೂ ಈ ಭಿತ್ತಿಗಳೇ. ಒಳಗಿನ ಜೀವ ಎಂದೋ ಹೋಗಿತ್ತು.

ಪ್ರಶ್ನೆ: ಸಸ್ಯಗಳಿಗೆ ಕ್ಲೋರೋಪ್ಲಾಸ್ಟ್, ಪ್ರಾಣಿಗಳಿಗೆ ಮೈಟೋಕಾಂಡ್ರಿಯ ಎಂದು ಬರೆದಿದ್ದಕ್ಕೆ ಅಂಕ ಕಳೆದಿದ್ದಾರೆ. ತಪ್ಪೇನು?

ಉತ್ತರ: ಅಂಕ ಕಳೆದದ್ದು ಸರಿ. ಮೈಟೋಕಾಂಡ್ರಿಯ ಸಸ್ಯಗಳಲ್ಲೂ ಇವೆ. ಕ್ಲೋರೋಪ್ಲಾಸ್ಟ್ ಬೆಳಕಿನಿಂದ ಸಕ್ಕರೆ ಕಟ್ಟುತ್ತದೆ, ಆ ಸಕ್ಕರೆಯನ್ನು ಒಡೆದು ಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವುದು ಮೈಟೋಕಾಂಡ್ರಿಯ. ಕತ್ತಲಲ್ಲಿರುವ ಬೇರಿನ ಕೋಶವನ್ನೇ ತೆಗೆದುಕೊಳ್ಳಿ. ಅಲ್ಲಿ ಕ್ಲೋರೋಪ್ಲಾಸ್ಟ್ ಇಲ್ಲ, ಎಲೆಯಿಂದ ಇಳಿದುಬಂದ ಸಕ್ಕರೆಯೇ ಆಧಾರ. ಒಂದು ಗ್ಲೂಕೋಸ್ ಅಣುವನ್ನು ಕೋಶದ್ರವ್ಯದಲ್ಲಿ ಅರ್ಧಂಬರ್ಧ ಒಡೆದರೆ ನಿವ್ವಳ 2 ಎಟಿಪಿ (ಕೋಶ ತನ್ನ ಕೆಲಸಗಳಿಗೆ ಬಳಸುವ ಶಕ್ತಿಯ ಅಣು) ಸಿಗುತ್ತದೆ. ಮೈಟೋಕಾಂಡ್ರಿಯದಲ್ಲಿ ಪೂರ್ತಿ ಒಡೆದಾಗ ಒಟ್ಟು ಸುಮಾರು 30. ಅದರ ಒಳಪೊರೆ ಮಡಿಕೆ ಮಡಿಕೆಯಾಗಿರುವುದೂ ಇದಕ್ಕೇ: ಎಟಿಪಿ ತಯಾರಿಸುವ ಪ್ರೋಟೀನುಗಳು ಆ ಪೊರೆಯಲ್ಲೇ ಕುಳಿತಿವೆ, ಮೈ ಹೆಚ್ಚಿದಷ್ಟೂ ಅವುಗಳಿಗೆ ಜಾಗ ಹೆಚ್ಚು.

‘ಪ್ರಾಣಿಕೋಶಗಳಿಗೆಲ್ಲ ಮೈಟೋಕಾಂಡ್ರಿಯ ಇದೆ’ ಎಂದೂ ಬರೆಯಬೇಡಿ. ಮನುಷ್ಯನ ಬಲಿತ ಕೆಂಪು ರಕ್ತಕಣದಲ್ಲಿ ಅದೂ ಇಲ್ಲ, ಕೋಶಕೇಂದ್ರವೂ ಇಲ್ಲ.

ಪ್ರಶ್ನೆ: ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಗಾಲ್ಗಿ, ಲೈಸೋಸೋಮ್ ಇವು ಸದಾ ಕಲಸಿಹೋಗುತ್ತವೆ. ನೆನಪಿಡುವುದು ಹೇಗೆ?

ಉತ್ತರ: ಬಿಡಿ ಬಿಡಿಯಾಗಿ ಬಾಯಿಪಾಠ ಮಾಡದೆ ಒಂದೇ ಪ್ರೋಟೀನಿನ ಬೆನ್ನುಹತ್ತಿ ಹೋಗಿ. ಇನ್ಸುಲಿನ್ ಆಗಲಿ. ಅದನ್ನು ತಯಾರಿಸುವ ಸೂಚನೆಯ ನಕಲು ಕೋಶಕೇಂದ್ರದಿಂದ ಹೊರಬರುತ್ತದೆ. ಒರಟು ರೆಟಿಕ್ಯುಲಮ್ಮಿನ (ಕೋಶದೊಳಗಿನ ಪೊರೆಗಳ ಜಾಲ) ಮೇಲೆ ಕುಳಿತ ರೈಬೋಸೋಮ್ ಅದನ್ನು ಓದಿ ಪ್ರೋಟೀನಿನ ಸರ ಹೆಣೆಯುತ್ತದೆ, ಸರ ರೆಟಿಕ್ಯುಲಮ್ಮಿನ ಒಳಗೆ ಇಳಿದು ಆಕಾರಕ್ಕೆ ಮಡಚಿಕೊಳ್ಳುತ್ತದೆ. ಪುಟ್ಟ ಚೀಲದಲ್ಲಿ ಗಾಲ್ಗಿಗೆ ಹೋಗಿ, ವಿಂಗಡಣೆಯಾಗಿ, ಮತ್ತೊಂದು ಚೀಲದಲ್ಲಿ ಕೋಶಪೊರೆಯತ್ತ ಸಾಗಿ ಹೊರಗೆ ಬೀಳುತ್ತದೆ. ಜೀರ್ಣಕಾರಿ ಕಿಣ್ವವಾಗಿದ್ದರೆ ಗಾಲ್ಗಿಯಿಂದ ದಾರಿ ಕವಲೊಡೆದು, ಕೋಶದ ಕಸ ಜೀರ್ಣಿಸುವ ಚೀಲವಾದ ಲೈಸೋಸೋಮ್ ಸೇರುತ್ತದೆ.

ಪ್ರಶ್ನೆ: ಪ್ರಾಣಿಕೋಶದಲ್ಲಿ ರಸದಾನಿ ಇಲ್ಲ, ಸಸ್ಯಕೋಶದಲ್ಲಿ ಸೆಂಟ್ರಿಯೋಲ್ (ಕೋಶದೊಳಗಿನ ಪುಟ್ಟ ನಳಿಗೆಯಂಥ ರಚನೆ) ಇಲ್ಲ. ಸರಿಯೇ, ತಪ್ಪೇ?

ಉತ್ತರ: ಮೊದಲನೆಯದು ತಪ್ಪು. ಪ್ರಾಣಿಕೋಶದಲ್ಲೂ ರಸದಾನಿ ಇರಬಹುದು. ಇದ್ದರೆ ಸಣ್ಣವು, ಬಹುಪಾಲು ತಾತ್ಕಾಲಿಕ. ಎರಡನೆಯದು ಹೂಬಿಡುವ ಸಸ್ಯಗಳ ಮಟ್ಟಿಗೆ ನಿಜ. ಪಾಚಿಗಿಡ, ಜರೀಗಿಡಗಳ ಈಜುವ ಗಂಡುಕೋಶಗಳಲ್ಲಿ ಸೆಂಟ್ರಿಯೋಲ್ ಇದೆ, ಅವುಗಳ ಬಾಲದ ಬುಡ ಕಟ್ಟಲು ಅದು ಬೇಕು.