ರಿನ್ಯೂ ಆದರೂ ಹಳೆಯ ಸರ್ಟಿಫಿಕೇಟೇ ಕಾಣುತ್ತಿದ್ದರೆ
ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ಸೈಟಿಗೆ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ತರುವ ಟೂಲ್ ಸರ್ಟ್‌ಬಾಟ್ ‘ರಿನ್ಯೂ ಆಯ್ತು’ ಅಂದರೂ ಬ್ರೌಸರ್ ‘ಅವಧಿ ಮುಗಿದಿದೆ’ ಅನ್ನುತ್ತಿದೆ ಅಂದರೆ, ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್ ಹಳೆಯ ಸರ್ಟಿಫಿಕೇಟನ್ನೇ ಮೆಮೊರಿಯಲ್ಲಿ ಇಟ್ಟುಕೊಂಡಿರುವ ಸಾಧ್ಯತೆಯೇ ಜಾಸ್ತಿ. ಸೈಟಿನ ಫೋಲ್ಡರಿನಲ್ಲಿ ಫೈಲ್ ಇಟ್ಟು ಡೊಮೇನ್ ದೃಢೀಕರಿಸುವ ವೆಬ್‌ರೂಟ್ ವಿಧಾನ ಬಳಸಿದ್ದರೆ ರೀಲೋಡ್ (ಎಂಜಿನ್‌ಎಕ್ಸ್ ಫೈಲುಗಳನ್ನು ಮತ್ತೆ ಓದುವುದು) ತಾನಾಗಿ ಆಗುವುದಿಲ್ಲ.

ಮೊದಲು ‘ಸುಡೋ ಸರ್ಟ್‌ಬಾಟ್ ಸರ್ಟಿಫಿಕೇಟ್ಸ್’ ಕೊಟ್ಟು ದಿನಾಂಕ ನೋಡಿ. ಹೊಸದಿದ್ದರೆ ‘ಸುಡೋ ಎಂಜಿನ್‌ಎಕ್ಸ್ -ಟಿ’ಯಿಂದ ಕಾನ್ಫಿಗ್ ಪರೀಕ್ಷಿಸಿ, ನಂತರ ರೀಲೋಡ್ ಮಾಡಿ. ರೀಸ್ಟಾರ್ಟ್ ಬೇಡ, ಈಗಾಗಲೇ ಇರುವ ಕನೆಕ್ಷನ್‌ಗಳು ಸುಮ್ನೆ ಕಡಿದುಹೋಗುತ್ತವೆ.

ಆಮೇಲೂ ಹಳೆಯದೇ ಬಂದರೆ ಕಾನ್ಫಿಗ್‌ನಲ್ಲಿರುವ ಪಾತ್ ನೋಡಿ. ಅದು ಸರ್ಟ್‌ಬಾಟ್‌ನ ‘ಲೈವ್’ ಫೋಲ್ಡರಿನ ಫುಲ್‌ಚೈನ್ ಫೈಲನ್ನೇ ತೋರಿಸಬೇಕು, ಬೇರೆಲ್ಲೋ ಕಾಪಿ ಮಾಡಿಟ್ಟ ಫೈಲನ್ನಲ್ಲ. ಸರ್ವರ್ ಮುಂದೆ ಸಿಡಿಎನ್ (ಸೈಟನ್ನು ಬಳಕೆದಾರರಿಗೆ ತಲುಪಿಸುವ ಮಧ್ಯದ ಸರ್ವರ್‌ಗಳ ಜಾಲ) ಇದ್ದರೆ ಮಾತ್ರ ತೊಂದರೆ ಅಲ್ಲಿಯದೂ ಆಗಿರಬಹುದು.

ಲೆಟ್ಸ್ ಎನ್‌ಕ್ರಿಪ್ಟ್‌ನ ಈ 90 ದಿನದ ಸರ್ಟಿಫಿಕೇಟಿಗೆ ಪ್ರತಿ ಸಲ ಕೈಯಲ್ಲಿ ರೀಲೋಡ್ ಮಾಡುತ್ತಾ ಕೂರಬೇಡಿ. ಸರ್ಟ್‌ಬಾಟ್‌ನ ‘ರಿನ್ಯೂವಲ್-ಹುಕ್ಸ್’ ಒಳಗಿನ ‘ಡಿಪ್ಲಾಯ್’ ಫೋಲ್ಡರಿನಲ್ಲಿ ‘ಸಿಸ್ಟಮ್‌ಸಿಟಿಎಲ್ ರೀಲೋಡ್ ಎಂಜಿನ್‌ಎಕ್ಸ್’ ಇರುವ ಪುಟ್ಟ ಶೆಲ್ ಸ್ಕ್ರಿಪ್ಟ್ ಇಡಿ. ಅದಕ್ಕೆ ಎಕ್ಸಿಕ್ಯೂಟ್ ಪರ್ಮಿಷನ್ ಕೊಡುವುದನ್ನು ಮರೆಯಬೇಡಿ.