ಚಿನ್ನದ ಮಾತು ಆಮೇಲೆ, ಮೊದಲು ಅತ್ತೆಯ ಇನ್ಸುಲಿನ್

ವಿಜಯಪುರದಿಂದ ಹೆಸರು ಹಾಕದೆ ಬರೆದ ಹೆಣ್ಣುಮಗಳ ಪತ್ರ ಓದಿ ಮೈ ಉರಿದುಹೋಯಿತು. ಸಂಗತಿ ಇಷ್ಟು. ಗಂಡನಿಗೆ ಒಣದ್ರಾಕ್ಷಿ ವ್ಯಾಪಾರ. ಎರಡು ವರ್ಷದಿಂದ ಪರವೂರಿನ ಹಜರತ್ (ಧರ್ಮಗುರು) ಒಬ್ಬರ ಮುರೀದ್, ಅಂದರೆ ಶಿಷ್ಯ, ಆಗಿದ್ದಾರೆ. ಅವರು ಹೇಳಿದ ಮೇಲೆ ಅಕ್ಕನ ಮನೆಗೆ ಹೋಗುವುದು ನಿಂತಿತು, ಓಣಿಯ ಮಸೀದಿಯ ಮೌಲಾನಾಗೆ ಸಲಾಂ ಹೇಳುವುದೂ ನಿಂತಿತು. ಈಗ ಹಜರತ್ ಅವರ ಜಮಾತಿನ (ಅನುಯಾಯಿಗಳ ಗುಂಪಿನ) ಕಟ್ಟಡಕ್ಕೆ ಹೆಂಡತಿಯ ಮಹರ್ ಚಿನ್ನ, ಅಂದರೆ ಮದುವೆಯಲ್ಲಿ ಗಂಡ ಹೆಂಡತಿಗೆ ಕೊಟ್ಟ ಚಿನ್ನ, ಬೇಕಂತೆ. ಕೊಡದಿದ್ದರೆ ಗುನ್ಹಾ (ಪಾಪ) ಆಗುತ್ತದಾ ಅಂತ ಕೇಳಿದ್ದಾರೆ.

ತಂಗೀ, ಚಿನ್ನದ ಬಗ್ಗೆ ಎರಡು ಪುಟ ಬರೆದಿದ್ದೀರಿ. ಅತ್ತೆಯ ಬಗ್ಗೆ ಕೊನೆಗೆ ಮೂರೇ ಸಾಲು. ಎಂಟು ವರ್ಷದಿಂದ ತಗೊಳ್ಳುತ್ತಿದ್ದ ಇನ್ಸುಲಿನ್ ಅನ್ನು ಹಜರತ್ ಬೇಡ ಅಂದರು ಅಂತ ನಿಲ್ಲಿಸಿದ್ದೀರಿ, ದಮ್ ಮಾಡಿದ (ಪ್ರಾರ್ಥನೆ ಓದಿ ಊದಿದ) ನೀರು ಕುಡಿಸುತ್ತಿದ್ದೀರಿ. ಅತ್ತೆ ತಂಬಿಗೆಗಟ್ಟಲೆ ನೀರು ಕುಡಿಯುತ್ತಾರೆ, ರಾತ್ರಿಯೆಲ್ಲ ಮೂತ್ರಕ್ಕೆ ಏಳುತ್ತಾರೆ, ಹಗಲಲ್ಲಿ ಮಂಪರು. ಅದಕ್ಕೆ ಹಜರತ್, 'ಬೀಮಾರಿ ಹೊರಗೆ ಹೋಗ್ತಾ ಇದೆ' ಅಂದರಂತೆ.

ಹೊರಗೆ ಹೋಗುತ್ತಿರುವುದು ಮೈಯ ನೀರು. ರಕ್ತದಲ್ಲಿ ಸಕ್ಕರೆ ಏರಿದಾಗ ಕಿಡ್ನಿ ಅದನ್ನು ಮೂತ್ರದಲ್ಲಿ ತಳ್ಳುತ್ತದೆ, ಜೊತೆಗೆ ನೀರೂ ಹೋಗುತ್ತದೆ. ಅದಕ್ಕೇ ಅಷ್ಟು ದಾಹ. ಮಂಪರು ಶುರುವಾಗಿದೆ ಅಂದರೆ ಪ್ರಜ್ಞೆ ತಪ್ಪುವ ದಿನ ದೂರ ಇಲ್ಲ.

'ದೊಡ್ಡವರನ್ನು ಪ್ರಶ್ನೆ ಮಾಡಬಾರದಲ್ವಾ' ಅಂತ ಬೇರೆ ಬರೆದಿದ್ದೀರಿ. ಯಾರು ಹೇಳಿದ್ದು? 632ರಲ್ಲಿ ಮೊದಲ ಖಲೀಫರಾದ ಅಬೂಬಕರ್ ಜನರ ಮುಂದೆ ನಿಂತು, ನಾನು ಸರಿ ನಡೆದರೆ ಜೊತೆಗಿರಿ, ತಪ್ಪಿದರೆ ತಿದ್ದಿ ಅಂದಿದ್ದರು. ಕುರಾನಿನ 33ನೇ ಸೂರಾ (ಅಧ್ಯಾಯ) ತೆಗೆದು 67ನೇ ಆಯತ್ (ವಚನ) ಓದಿ. ನಮ್ಮ ನಾಯಕರು, ದೊಡ್ಡವರು ಹೇಳಿದಂತೆ ಕೇಳಿದೆವು, ಅವರೇ ದಾರಿ ತಪ್ಪಿಸಿದರು ಅಂತ ಅಲ್ಲಿ ಗೋಳಾಡುವವರು ನರಕದಲ್ಲಿರುವವರು. ಔಷಧಿ ಮಾಡಬೇಕಾ ಅಂತ ಕೇಳಿದವರಿಗೆ ಪ್ರವಾದಿಯವರು ಮಾಡಿ ಅಂದರು, ಮುಪ್ಪೊಂದು ಬಿಟ್ಟು ಎಲ್ಲ ರೋಗಕ್ಕೂ ಮದ್ದಿದೆ ಅಂದರು. ಇದು ಪ್ರವಾದಿಯವರ ನುಡಿಗಳ ಸಂಗ್ರಹವಾದ ಹದೀಸ್‌ನಲ್ಲೇ ಇದೆ. ದಮ್ ಮಾಡಿದ ನೀರು ಕುಡಿಸಿ, ನಾನೇನೂ ಬೇಡ ಅನ್ನಲ್ಲ. ಪಕ್ಕದಲ್ಲಿ ಇಂಜೆಕ್ಷನ್ನೂ ಇರಲಿ.

ನಿಮ್ಮ ಗಂಡನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ವ್ಯಾಪಾರ ಮುಳುಗಿದಾಗ ರೇಷನ್ ತಂದುಕೊಟ್ಟವರು ಆ ಜಮಾತಿನವರೇ ಅಂತ ನೀವೇ ಬರೆದಿದ್ದೀರಿ. ಕಷ್ಟದಲ್ಲಿ ಕೈ ಹಿಡಿದವರ ಮಾತು ತೆಗೆದುಹಾಕುವುದು ಸುಲಭ ಅಲ್ಲ. ಸಿಟ್ಟು ಬರುವುದು ನಿಮ್ಮ ಮೈದುನನ ಮೇಲೆ. ಮೆಡಿಕಲ್ ಶಾಪ್ ಇಟ್ಟಿದ್ದಾನೆ, ದಿನಾ ಫ್ರಿಜ್ ತೆಗೆದು ಊರವರಿಗೆ ಇನ್ಸುಲಿನ್ ಕೊಡುತ್ತಾನೆ. ಹೆತ್ತ ತಾಯಿಯ ವಿಷಯಕ್ಕೆ 'ಅಣ್ಣನ ಜೊತೆ ಯಾಕೆ ಸುಮ್ನೆ ಜಗಳ' ಅಂತಾನೆ! ಓದಿದವರು ಹೀಗೆ ಬಾಯಿ ಮುಚ್ಚಿಕೊಂಡಾಗಲೇ ಇಂಥ ಹಜರತ್‌ಗಳ ಅಂಗಡಿ ನಡೆಯುವುದು.

ಇನ್ನು ಚಿನ್ನ. ನನ್ನ ಹಳೆಯ ಹಟ ಓದುಗರಿಗೆ ಗೊತ್ತು: ಹೆಣ್ಣಿನ ಚಿನ್ನ ಹೆಣ್ಣಿನ ಕೈಯಲ್ಲೇ ಇರಬೇಕು, ರಸೀದಿ ಕೊಡದವರಿಗೆ ಒಂದು ರೂಪಾಯಿಯೂ ಹೋಗಬಾರದು. ಮಹರ್ ಹೆಂಡತಿಯದು, ಅವಳು ಮನಸ್ಸಾರೆ ಬಿಟ್ಟುಕೊಟ್ಟರೆ ಮಾತ್ರ ಗಂಡ ಮುಟ್ಟಬಹುದು ಅಂತ 4ನೇ ಸೂರಾ ಹೇಳುತ್ತದೆ. ಹೆದರಿಸಿ ತೆಗೆದುಕೊಂಡದ್ದು ಮನಸ್ಸಾರೆ ಕೊಟ್ಟಿದ್ದು ಹೇಗಾಗುತ್ತದೆ? ಹಲಾಲ್ ಲಾಭದ ಮಾತು ನಂಬಿ ಬೆಂಗಳೂರಿನ ಐಎಂಎ ಅನ್ನೋ ಹೂಡಿಕೆ ಕಂಪನಿಗೆ ದುಡ್ಡು ಕಟ್ಟಿದ ಸಾವಿರಾರು ಜನ 2019ರಲ್ಲಿ ಬೀದಿಗೆ ಬಂದರಲ್ಲ, ಮರೆತಿರಾ? ಕೊಡಬೇಡಿ. ಗುನ್ಹಾ ಆಗಲ್ಲ.

ಇದನ್ನು ಓದಿದ ಕೂಡಲೇ ಆಟೋ ಕರೆಸಿ, ಅತ್ತೆಯನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಳೆಯ ಚೀಟಿ ಜೊತೆಗಿರಲಿ. ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ವಾಂತಿ ಆಗುತ್ತಿದ್ದರೆ 108ಕ್ಕೆ ಫೋನ್ ಮಾಡಿ. ಹಳೆಯ ಡೋಸ್ ನೀವೇ ಹಾಕಲು ಹೋಗಬೇಡಿ, ಎಷ್ಟು ಅಂತ ಡಾಕ್ಟರ್ ಹೇಳಲಿ. ಗಂಡನನ್ನು ಕೇಳುತ್ತಾ ಕೂರಬೇಡಿ, ಹೋಗಿ ತೋರಿಸಿದ ಮೇಲೆ ಹೇಳಿದರಾಯಿತು. ಬಿಲ್ ಮೈದುನ ಕಟ್ಟಲಿ.