ಎಂಟಕ್ಕೂ ಏಯ್ಟ್‌ಗೂ ನಂಟಿದೆಯೇ?

ಬೇಲೂರು ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರ ಪತ್ರ: "ಕನ್ನಡ, ಇಂಗ್ಲಿಷ್ ಬೇರೆ ಬೇರೆ ಭಾಷಾ ಕುಟುಂಬದವು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಹಾಗಾದರೆ ಒಂದು–ವನ್, ಎಂಟು–ಏಯ್ಟ್, ಪಾದ–ಫುಟ್, ಹಿಪ್ಪಲಿ–ಪೆಪ್ಪರ್, ಇವೆಲ್ಲ ಕಾಕತಾಳೀಯವೇ? ಅಷ್ಟು ದೊಡ್ಡ ಕುಟುಂಬದಿಂದ ನಮ್ಮ ಭಾಷೆಯನ್ನು ಹೊರಗೆ ನಿಲ್ಲಿಸುವುದು ನ್ಯಾಯವೇ? ಹಸು ಕರೆಯುವ ಹೊತ್ತಾಯಿತು, ನಿಲ್ಲಿಸುತ್ತೇನೆ."

ಮೇಷ್ಟರೇ, ನಮಸ್ಕಾರ.

ನಿಮ್ಮ ಪಟ್ಟಿಯನ್ನು ಮೂರು ದಿನ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೆ. ನಾಲ್ಕು ಜೋಡಿಗಳೂ ನೋಡಲು ಒಂದೇ ಬಗೆಯವು. ಆದರೆ ಅವುಗಳ ಹಿಂದಿರುವ ಕಥೆ ಮೂರು ಬಗೆಯದು.

ಮೊದಲು ಎಂಟನ್ನು ನೋಡೋಣ. ಇಂಗ್ಲಿಷಿನ ಏಯ್ಟ್ ಪದದ ಕಾಗುಣಿತದಲ್ಲಿ ಈಗ ಯಾರೂ ಉಚ್ಚರಿಸದ ಎರಡು ಅಕ್ಷರಗಳಿವೆ. ಮಕ್ಕಳಿಗೆ ಅದನ್ನು ಬಾಯಿಪಾಠ ಮಾಡಿಸಿ ನೀವೂ ದಣಿದಿರುತ್ತೀರಿ. ಅಲ್ಲಿ ಹಿಂದೆ 'ಖ'ಕ್ಕೆ ಹತ್ತಿರದ ಧ್ವನಿಯೊಂದಿತ್ತು. ಜರ್ಮನರು ಇಂದಿಗೂ 'ಆಖ್ಟ್' ಎನ್ನುತ್ತಾರೆ. ಗ್ರೀಕಿನಲ್ಲಿ ಅದು 'ಒಕ್ತೊ', ಸಂಸ್ಕೃತದಲ್ಲಿ 'ಅಷ್ಟ'. ನಮ್ಮ ಎಂಟಿನ ಬಂಧುಗಳು ಬೇರೆ: ತಮಿಳು, ಮಲಯಾಳದ 'ಎಟ್ಟು', ತೆಲುಗಿನ 'ಎನಿಮಿದಿ'. ಹಿಂದೆ ಹಿಂದೆ ಹೋದಷ್ಟೂ ಏಯ್ಟ್ ಮತ್ತು ಎಂಟು ಒಂದಕ್ಕೊಂದು ದೂರವಾಗುತ್ತವೆ. ಒಂದು–ವನ್ ಜೋಡಿಯದೂ ಇದೇ ಪಾಡು.

ಪಾದ–ಫುಟ್ ಜೋಡಿ ಹಾಗಲ್ಲ. ಅವು ನಿಜವಾದ ಒಡಹುಟ್ಟಿದವು, ಆದರೆ ಫುಟ್‌ನ ಒಡಹುಟ್ಟು ಸಂಸ್ಕೃತದ ಪಾದ. ಕನ್ನಡದ ಸ್ವಂತ ಪದ ಕಾಲು. 1786ರಲ್ಲಿ ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್ ಅವರು ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಬಹುಶಃ ಈಗ ಉಳಿದಿಲ್ಲದ ಒಂದೇ ಮೂಲದಿಂದ ಬಂದಿರಬೇಕು ಎಂದರು. ಆ ಮಾತಿಗೆ ಗಟ್ಟಿ ಆಧಾರ ಒದಗಿಸಿದವರು ಡೆನ್ಮಾರ್ಕಿನ ರಾಸ್ಕ್ ಮತ್ತು ಜರ್ಮನಿಯ ಯಾಕೋಬ್ ಗ್ರಿಮ್. ಸಂಸ್ಕೃತ, ಲ್ಯಾಟಿನ್‌ಗಳಲ್ಲಿ ಪದದ ಮೊದಲಿಗೆ 'ಪ' ಇರುವಲ್ಲಿ ಇಂಗ್ಲಿಷಿನಲ್ಲಿ 'ಫ' ಬರುತ್ತದೆ: ಪಿತೃ, ಪಾತೆರ್, ಫಾದರ್. ವ್ಯತ್ಯಾಸ ಹೀಗೆ ಪದದಿಂದ ಪದಕ್ಕೆ ನಿಯಮ ತಪ್ಪದೆ ಮರುಕಳಿಸುವುದೇ ನೆಂಟಸ್ತಿಕೆಗೆ ಸಾಕ್ಷಿ. ಬರಿಯ ಹೋಲಿಕೆ ಅಲ್ಲ. ಆ ವ್ಯತ್ಯಾಸಗಳ ಎಳೆ ಹಿಡಿದು ಹಿಂದಕ್ಕೆ ನಡೆದವರು 'ಪೆದ್' ಎಂಬ ಮೂಲರೂಪವನ್ನು ಕಟ್ಟಿಕೊಂಡು, ಅದರ ಮುಂದೆ ಒಂದು ನಕ್ಷತ್ರದ ಗುರುತು ಇಡುತ್ತಾರೆ. ಯಾವ ಬರಹದಲ್ಲೂ ಕಂಡದ್ದಲ್ಲ, ತರ್ಕದಿಂದ ಪಡೆದದ್ದು ಎಂದು ಅದರ ಅರ್ಥ. ಆ ಪುಟ್ಟ ನಕ್ಷತ್ರದ ಪ್ರಾಮಾಣಿಕತೆ ನನಗೆ ಬಹಳ ಇಷ್ಟ.

ಈ ನಿಯಮ ಪರದೇಶದ್ದೆಂದು ದೂರ ಇಡಬೇಡಿ. ನಿಮ್ಮ ತಾಲ್ಲೂಕಿನಲ್ಲೇ ಹಲ್ಮಿಡಿ ಇದೆ. ಸುಮಾರು ಕ್ರಿ.ಶ. 450ರ ಆ ಶಾಸನದಲ್ಲಿ ಊರಿನ ಹೆಸರು 'ಹ'ದಿಂದಲ್ಲ, 'ಪ'ದಿಂದ ಶುರುವಾಗುತ್ತದೆ. ಪಾಲು ಹಾಲಾದದ್ದು, ಪಾವು ಹಾವಾದದ್ದು, ಪೂ ಹೂವಾದದ್ದು ಇದೇ ನಡೆಯಲ್ಲಿ. ಸಂಸ್ಕೃತದಿಂದ ಬಹಳ ಹಿಂದೆ ಬಂದು ಜನರ ಬಾಯಲ್ಲಿ ಪಳಗಿದ ಪೂರ್ಣಿಮೆ ಹುಣ್ಣಿಮೆಯಾಯಿತು. ಗ್ರಂಥಗಳ ಮೂಲಕ ಮತ್ತೆ ಬಂದ ಪೂರ್ಣಿಮೆ ಹಾಗೆಯೇ ಉಳಿಯಿತು. ಇಂಗ್ಲಿಷಿನಲ್ಲೂ ಹೀಗೆಯೇ: ಫುಟ್ ಮನೆಯಲ್ಲಿ ಬೆಳೆದ ಪದ, ಸೈಕಲ್ಲಿನ ಪೆಡಲ್ ಅದೇ ಮೂಲದಿಂದ ಲ್ಯಾಟಿನ್ ದಾರಿಯಲ್ಲಿ ತಡವಾಗಿ ಬಂದದ್ದು.

ಇನ್ನು ಹಿಪ್ಪಲಿ. ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳಲ್ಲಿ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ನೋಡಿದಾಗಲೆಲ್ಲ ಈ ಪದ ನೆನಪಾಗುತ್ತದೆ. ಪಿಪ್ಪಲಿ ಇಲ್ಲಿ ಹಿಪ್ಪಲಿಯಾಯಿತು. ಅದೇ ಪದ ವ್ಯಾಪಾರಿಗಳ ಮೂಟೆಯೊಂದಿಗೆ ಪಡುವಣಕ್ಕೆ ಹೋಗಿ ಗ್ರೀಕರಲ್ಲಿ ಪೆಪೆರಿ, ರೋಮನರಲ್ಲಿ ಪಿಪೆರ್, ಇಂಗ್ಲಿಷಿನಲ್ಲಿ ಪೆಪ್ಪರ್ ಆಯಿತು; ಹಿಪ್ಪಲಿಯ ಹೆಸರು ಕರಿಮೆಣಸಿಗೂ ಅಂಟಿತು. ಇದು ರಕ್ತಸಂಬಂಧವಾಗಿದ್ದರೆ ಇಂಗ್ಲಿಷಿನಲ್ಲಿ 'ಫ' ಇರಬೇಕಿತ್ತು. 'ಪ' ಉಳಿದಿದೆ, ಆದ್ದರಿಂದ ಇದು ಸಂತೆಯಲ್ಲಿ ಕೊಂಡದ್ದು.

ಕನ್ನಡವನ್ನು ಹೊರಗೆ ನಿಲ್ಲಿಸಿದ್ದೀರಿ ಎಂಬ ನಿಮ್ಮ ನೋವು ನನ್ನನ್ನು ತಟ್ಟಿತು. ಆದರೆ ನಮ್ಮದು ಬೇರೊಬ್ಬರ ಮನೆಯ ಜಗಲಿಯಲ್ಲ. ದಕ್ಷಿಣದ ಭಾಷೆಗಳು ತಮ್ಮದೇ ಒಂದು ಕುಟುಂಬ ಎಂದು ಮದರಾಸಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ಎಲ್ಲಿಸ್ 1816ರಲ್ಲೇ ತೋರಿಸಿದರು. 1856ರಲ್ಲಿ ಪಾದ್ರಿ ಕಾಲ್ಡ್‌ವೆಲ್ ಅದನ್ನು ವಿಸ್ತಾರವಾಗಿ ವಿವರಿಸಿದರು. ಕಾಲು, ಕಣ್ಣು, ಕಲ್ಲು, ನೀರು ಇವುಗಳಿಗೆ ನೆಂಟರು ಬೇಕಾದರೆ ಗ್ರೀಸಿಗೆ ಹೋಗಬೇಕಿಲ್ಲ. ತಮಿಳು, ತುಳು, ಕೊಡವ ಮಾತುಗಳನ್ನು ಕೇಳಿದರೆ ಸಾಕು.

ಕೊನೆಗೆ, ನಿಮ್ಮ ಕೊಟ್ಟಿಗೆಯ ಹಸು. ಸಂಸ್ಕೃತದ ಪಶು ನಮ್ಮಲ್ಲಿಗೆ ಬಂದು, ಹಾಲಿನಂತೆಯೇ 'ಪ' ಕಳೆದುಕೊಂಡು ಹಸುವಾಯಿತು. ಅದೇ ಪಶುವಿನ ಒಡಹುಟ್ಟು ಲ್ಯಾಟಿನ್ನಿನಲ್ಲಿ ಜಾನುವಾರು ಎಂಬರ್ಥದ 'ಪೆಕು'. ಅದರಿಂದಲೇ ಅಲ್ಲಿ ಹಣಕ್ಕೆ 'ಪೆಕೂನಿಯ' ಎಂಬ ಹೆಸರು ಬಂತು. ಜರ್ಮನ್ ರೈತ ಇಂದಿಗೂ ತನ್ನ ದನಕರುಗಳನ್ನು 'ಫೀ' ಎನ್ನುತ್ತಾನೆ. ನಿಮ್ಮ ಪಟ್ಟಿಯಲ್ಲಿ ಇಲ್ಲದ ಈ ಜೋಡಿ ಪತ್ರದ ಕೊನೆಯ ಸಾಲಿನಲ್ಲಿತ್ತು.